ಅಜ್ಜಿಯ ನೋಟ್‌ಬುಕ್‌ನಲ್ಲಿ ಪದೇ ಪದೇ "20:9" ಅಂತ ಇದೆ, ಏನಿರಬಹುದು?

ಮೂರನೇ ಬೆಂಚು:
ಎಲ್ಲರಿಗೂ ನಮಸ್ಕಾರ. ನನ್ನ ಅಜ್ಜಿ, ಅಂದರೆ ಅಮ್ಮನ ಅಮ್ಮ, ಹೋದ ವಾರ ತೀರಿಕೊಂಡಳು. 88 ವರ್ಷ. ಸಮಾಧಿ ಆಯಿತು. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಅವಳ ಸ್ಮರಣೆಗೆ ಸ್ವಲ್ಪ ಹೊತ್ತು ಇಟ್ಟಿದ್ದಾರೆ. ಮನೆಯವರ ಪರವಾಗಿ ನಾನು ಐದು ನಿಮಿಷ ಮಾತಾಡಬೇಕಂತೆ.

ನಾನು ಚರ್ಚಿಗೆ ಹೋಗುವುದು ಬಿಟ್ಟು ಹನ್ನೆರಡು ವರ್ಷ ಆಯಿತು. ಜಗಳ ಏನಿಲ್ಲ, ನಂಬಿಕೆ ನಿಧಾನಕ್ಕೆ ಸವೆದುಹೋಯಿತು, ಅಷ್ಟೇ. ಅಜ್ಜಿಗೆ ಗೊತ್ತಿತ್ತು. ಕೇಳುತ್ತಿರಲಿಲ್ಲ. ಅವಳಾದರೋ ಕಾಲು ನಡೆಯುವಷ್ಟು ದಿನ ಒಂದು ಭಾನುವಾರವೂ ತಪ್ಪಿಸಿದವಳಲ್ಲ. ಮೂರನೇ ಬೆಂಚು, ಗೋಡೆ ಪಕ್ಕ. ಆ ಜಾಗದಲ್ಲಿ ಬೇರೆ ಯಾರಾದರೂ ಕೂತರೆ ಪಕ್ಕದಲ್ಲಿ ನಿಂತು ಸುಮ್ನೆ ನೋಡುತ್ತಿದ್ದಳು. ಅವರೇ ಎದ್ದು ಹೋಗುತ್ತಿದ್ದರು.

ಅವಳ ಪೆಟ್ಟಿಗೆಯಲ್ಲಿ ಏಳು ನೋಟ್‌ಬುಕ್ ಸಿಕ್ಕಿವೆ. ಪ್ರತಿ ಭಾನುವಾರಕ್ಕೂ ಒಂದೊಂದು ಸಾಲು. ತಾರೀಕು, ಓದಿದ ಭಾಗ, ಪ್ರಸಂಗ (ಅಂದರೆ ಪಾಸ್ಟರ್ ಬೋಧನೆ) ಎಷ್ಟು ನಿಮಿಷ ಆಯಿತು, ಆಮೇಲೆ ಅವಳ ಮಾತು. ಕೆಲವು ಹೀಗಿವೆ:

"ಕೀರ್ತನೆ 23. 22 ನಿಮಿಷ. ಚೆನ್ನಾಗಿತ್ತು."
"ಕೀರ್ತನೆ 117. 41 ನಿಮಿಷ. ಇರುವುದೇ ಎರಡು ವಚನ."
"ಲೂಕ 15. 30 ನಿಮಿಷ. ದೊಡ್ಡ ಮಗನ ಕಷ್ಟ ಯಾರೂ ಕೇಳಲ್ಲ."

ಬಹಳ ಕಡೆ ಕೊನೆಗೆ "20:9" ಅಂತ ಬರೆದಿದ್ದಾಳೆ. 20ನೇ ಅಧ್ಯಾಯ, 9ನೇ ವಚನ ಅಂತ ಇರಬೇಕು, ಆದರೆ ಬೈಬಲ್‌ನ ಯಾವ ಪುಸ್ತಕ ಅಂತ ಇಲ್ಲ. ಅವಳಿಗೆ ತುಂಬಾ ಇಷ್ಟವಾದ ವಚನ ಇರಬಹುದು, ಅದನ್ನೇ ಹಿಡಿದು ಮಾತಾಡೋಣ ಅಂದುಕೊಂಡೆ. ಕೀರ್ತನೆ 20:9 ನೋಡಿದೆ. ಅರಸನನ್ನು ಕಾಪಾಡು ಅಂತಿದೆ. ನಮ್ಮ ಅಜ್ಜಿಗೂ ಅರಸನಿಗೂ ಏನು ಸಂಬಂಧ? ಯಾರಿಗಾದರೂ ಗೊತ್ತಾಗುತ್ತಾ?

ಹಾಡುಗಾರ್ತಿ:
ಅಜ್ಜಿಯ ಆತ್ಮಕ್ಕೆ ಶಾಂತಿ ಸಿಗಲಿ. 117ನೇ ಕೀರ್ತನೆಯ ಸಾಲು ಓದಿ ಆಫೀಸಿನಲ್ಲಿ ಒಬ್ಬಳೇ ನಕ್ಕೆ, ಕ್ಷಮಿಸಿ. ಇಡೀ ಬೈಬಲ್‌ನಲ್ಲೇ ಚಿಕ್ಕ ಅಧ್ಯಾಯ ಅದು. ಎರಡು ವಚನಕ್ಕೆ 41 ನಿಮಿಷ ಅಂದರೆ ಅಜ್ಜಿ ಬರೆದಿಡದೆ ಇನ್ನೇನು ಮಾಡುತ್ತಾರೆ!

20:9 ಅಂದರೆ ವಿಮೋಚನಕಾಂಡ ಇರಬಹುದಾ? ಹತ್ತು ಆಜ್ಞೆಗಳು ಇರುವ ಅಧ್ಯಾಯ. ಆರು ದಿನ ದುಡಿದು ನಿನ್ನ ಕೆಲಸವೆಲ್ಲ ಮುಗಿಸಿಕೋ ಅನ್ನುವ ವಚನ. ಭಾನುವಾರಕ್ಕೆ ಹೊಂದುತ್ತೆ.

ನಿವೃತ್ತ ಮೇಷ್ಟ್ರು:
ಜ್ಞಾನೋಕ್ತಿ 20:9 ಕೂಡ ನೋಡಿ. ನನ್ನ ಮನಸ್ಸು ಶುದ್ಧ ಅಂತ ಹೇಳಬಲ್ಲವರು ಯಾರು ಅನ್ನುವ ಪ್ರಶ್ನೆ ಅದು. ವಯಸ್ಸಾದವರು ತಮ್ಮನ್ನೇ ಕೇಳಿಕೊಳ್ಳುವಂಥದ್ದು. ನಿಮ್ಮ ಭಾಷಣಕ್ಕೂ ಗಾಂಭೀರ್ಯ ಬರುತ್ತದೆ.

ಮೂರನೇ ಬೆಂಚು:
ಮೇಷ್ಟ್ರೇ, ಗಾಂಭೀರ್ಯಕ್ಕೂ ಅಜ್ಜಿಗೂ ಸ್ವಲ್ಪ ದೂರ. ಆದರೂ ಬರೆದಿಟ್ಟುಕೊಂಡೆ.

ಜಪಮಣಿ:
ಮತ್ತಾಯ 20:9 ಯಾಕಾಗಬಾರದು? ದ್ರಾಕ್ಷಿತೋಟದ ಕೂಲಿಯವರ ಕಥೆ. ಸಂಜೆ ಐದು ಗಂಟೆಗೆ ಬಂದವನಿಗೂ ಪೂರ್ತಿ ದಿನದ ಕೂಲಿ ಸಿಗುವ ವಚನ ಅದೇ. ಅವತ್ತು ಯಾರೋ ಆರಾಧನೆಗೆ ತಡವಾಗಿ ಬಂದಿದ್ದಾರೆ, ಅಜ್ಜಿ ಗುರುತು ಹಾಕಿದ್ದಾರೆ!

ನಾನು ಕ್ಯಾಥೊಲಿಕ್. ಮಾತಾಡುವ ವಿಷಯಕ್ಕೆ ಒಂದು ಎಚ್ಚರಿಕೆ. ನಮ್ಮಲ್ಲಿ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನಗಳಲ್ಲಿ 382ನೇ ಅಂಶ ಅಂತ ಇದೆ. ಸಾವಿನ ಬಲಿಪೂಜೆಯಲ್ಲಿ ಚಿಕ್ಕ ಪ್ರಬೋಧನೆ ಇರಲಿ, ತೀರಿಹೋದವರ ಗುಣಗಾನ ಮಾತ್ರ ಬೇಡ ಅಂತ ಅದರ ಅರ್ಥ. ನನ್ನ ಅಜ್ಜಿ ಹೋದಾಗ ಇದು ಗೊತ್ತಿಲ್ಲದೆ ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ. ಪರಮಪ್ರಸಾದದ ನಂತರದ ಪ್ರಾರ್ಥನೆ ಆದ ಮೇಲೆ ಮನೆಯವರೊಬ್ಬರು ಎರಡು ಮಾತು ಹೇಳಬಹುದು ಅಂದರು ಫಾದರ್. ನಾಲ್ಕು ಪುಟ ಅಲ್ಲೇ ನಿಂತುಕೊಂಡು ಅರ್ಧ ಪುಟ ಆಯಿತು. ನಿಮ್ಮಲ್ಲಿ ಹೇಗೋ, ಮೊದಲೇ ಕೇಳಿಕೊಳ್ಳಿ.

ಮೂರನೇ ಬೆಂಚು:
ಥ್ಯಾಂಕ್ಸ್. ನಮ್ಮದು ಪ್ರಾಟೆಸ್ಟಂಟ್ ಸಭೆ. ಆರಾಧನೆ ಮುಗಿದ ಮೇಲೆ ಮಾತು, ಹಾಗಾಗಿ ಅಂಥ ಕಟ್ಟುಪಾಡು ಇಲ್ಲ ಅಂದರು ಪಾಸ್ಟರ್. "ಐದು ನಿಮಿಷ" ಅಂತ ಮಾತ್ರ ಮೂರು ಸಲ ಹೇಳಿದರು.

ನಿಜವಾದ ಕಷ್ಟ ಬೇರೆ ಇದೆ. "ಅಜ್ಜಿ ಈಗ ಕರ್ತನ ಬಳಿ ಇದ್ದಾಳೆ" ಅನ್ನೋ ಮಾತು ನನ್ನ ಬಾಯಿಂದ ಬರಲಿ ಅಂತ ಎಲ್ಲರೂ ಕಾಯುತ್ತಾರೆ. ನನಗೆ ಹಾಗೆ ಅನ್ನಿಸದೆ ಅವಳ ಬೆಂಚಿನ ಮುಂದೆ ನಿಂತು ಸುಳ್ಳು ಹೇಳೋದು ಹೇಗೆ? ಹೇಳದಿದ್ದರೆ ಅಮ್ಮನಿಗೆ ಬೇಜಾರು.

ಸುಮ್ನೆ ಓದುಗ:
ಯೋಹಾನ 20:9: "ಅವರಿಗೆ ಶಾಸ್ತ್ರ ಇನ್ನೂ ಅರ್ಥವಾಗಿರಲಿಲ್ಲ" ಅನ್ನೋ ಅರ್ಥದ ವಚನ. ಪಾಸ್ಟರ್‌ಗೆ ಕೊಟ್ಟ ಮಾರ್ಕ್ಸ್ ಇರಬಹುದು 😄

ನಿವೃತ್ತ ಮೇಷ್ಟ್ರು:
ಓದುಗರೇ, ಸಾವಿನ ಮನೆಯ ವಿಷಯ, ಸ್ವಲ್ಪ ನೋಡಿಕೊಂಡು.

ಮೂರನೇ ಬೆಂಚು:
ಇರಲಿ ಮೇಷ್ಟ್ರೇ. ಅಮ್ಮನಿಗೆ ಓದಿ ಹೇಳಿದೆ. ವಾರದಲ್ಲಿ ಮೊದಲ ಸಲ ನಕ್ಕಳು.

ಹಾಡುಗಾರ್ತಿ:
ನಿಮ್ಮ ಕಷ್ಟದ ಬಗ್ಗೆ. ನಾನು ನಂಬುವವಳು. ಆದರೂ ಹೇಳ್ತೀನಿ, ನಿಮಗೆ ಅನ್ನಿಸದ್ದನ್ನು ಹೇಳಬೇಡಿ. "ಹೋಗುವ ಜಾಗದ ಬಗ್ಗೆ ಅಜ್ಜಿಗೆ ಅನುಮಾನವೇ ಇರಲಿಲ್ಲ" ಅನ್ನಿ. ಅದು ನೂರಕ್ಕೆ ನೂರು ನಿಜ ಅಲ್ವಾ? ಅವರ ನಂಬಿಕೆಯನ್ನು ಅವರದ್ದು ಅಂತಲೇ ಹೇಳಿದರೆ ಯಾರಿಗೂ ಮೋಸ ಇಲ್ಲ. ಅಮ್ಮನಿಗೆ ಬೇಕಾದ ಮಾತೂ ಅದರಲ್ಲಿ ಬಂತು.

ಇನ್ನೊಂದು. ದಯವಿಟ್ಟು "ಪ್ರೀತಿಯ ಮೂರ್ತಿ, ತ್ಯಾಗಮಯಿ" ಅಂತ ಶುರು ಮಾಡಬೇಡಿ. ಗಾಯನ ತಂಡದಲ್ಲಿ ಇಪ್ಪತ್ತು ವರ್ಷದಿಂದ ಇದ್ದೀನಿ, ಇಂಥ ಮಾತು ನೂರಾರು ಕೇಳಿದ್ದೀನಿ. ಹೆಸರು ತೆಗೆದರೆ ಯಾವುದು ಯಾರದ್ದು ಅಂತ ಗೊತ್ತಾಗಲ್ಲ. ಪಕ್ಕದಲ್ಲಿ ನಿಂತು ಬೆಂಚು ಖಾಲಿ ಮಾಡಿಸಿದ್ದನ್ನು ಹೇಳಿ. ಅದು ನಿಮ್ಮ ಅಜ್ಜಿ.

ನನ್ನ ಅಜ್ಜಿಗೆ ಕೊನೆಯ ಮೂರು ವರ್ಷ ಮರೆವಿನ ಕಾಯಿಲೆ. ನನ್ನ ಅಮ್ಮನನ್ನು ನೋಡಿ "ಯಾರಮ್ಮ ನೀನು" ಅನ್ನುತ್ತಿದ್ದರು. ಆದರೆ ಹಾಡು ಎತ್ತಿಕೊಟ್ಟರೆ ಮೂರೂ ಚರಣ, ಒಂದು ಪದ ತಪ್ಪದೆ. ಇಂಥ ರೋಗಿಗಳಲ್ಲಿ ಹಾಡಿನ ನೆನಪು ಬಹಳ ಕಾಲ ಉಳಿಯುವುದುಂಟು ಅಂದರು ಡಾಕ್ಟರು. ಒಂದು ದಿನ ಹಾಡು ಮುಗಿದ ಮೇಲೆ ಅಮ್ಮನ ಕಡೆ ತಿರುಗಿ, "ನೀನು ಎರಡನೇ ಚರಣದಲ್ಲಿ ಶ್ರುತಿ ಬಿಡ್ತೀಯ, ನನ್ನ ಮಗಳ ಹಾಗೇ" ಅಂದರು. ಅಮ್ಮ ಅಡುಗೆಮನೆಗೆ ಹೋಗಿ ಅತ್ತಳು. ನಾನು ಸ್ಮರಣೆಯಲ್ಲಿ ಅದೊಂದನ್ನೇ ಹೇಳಿದ್ದು.

ದಾರಿಹೋಕ:
ಈ ನೋಟ್‌ಬುಕ್ ಓದೋದೇ ಸರಿಯಾ ಅಂತ ನನ್ನ ಪ್ರಶ್ನೆ. ಅವರು ತಮಗೋಸ್ಕರ ಬರೆದುಕೊಂಡದ್ದು. ಬೋಧಕರ ಮೇಲಿನ ಟೀಕೆಯನ್ನು ಅವರ ಎದುರೇ, ಅದೂ ದೇವಾಲಯದಲ್ಲಿ ಓದಿ ನಗಿಸೋದು ಅಜ್ಜಿಗೆ ಗೌರವ ಅಲ್ಲ. ಯಾರಿಗೆ ಏನು ಅನ್ನಿಸಿದರೂ ಪರವಾಗಿಲ್ಲ.

ಮೂರನೇ ಬೆಂಚು:
ನೀವು ಹೇಳಿದ್ದು ತಲೆಯಲ್ಲಿ ಕೂತಿದೆ. ಉತ್ತರ ಗೊತ್ತಿಲ್ಲ. ಪೆಟ್ಟಿಗೆಗೆ ಬೀಗ ಇರಲಿಲ್ಲ ಅನ್ನೋದು ಬಿಟ್ಟರೆ ನನ್ನ ಹತ್ತಿರ ವಾದ ಇಲ್ಲ.

ಕಾಗದದ ಹುಳ:
ಹಳೆ ಕಾಗದಪತ್ರ ಜೋಪಾನ ಮಾಡುವುದು ನನ್ನ ಕೆಲಸ. ಹಾಗಾಗಿ ಮೊದಲು ನೋಟ್‌ಬುಕ್ ಹೇಗಿವೆ ಅಂತ ಹೇಳಿ. ಪೆನ್ನಾ, ಪೆನ್ಸಿಲ್ಲಾ? ಪುಟ ಒಡೆಯುತ್ತಿವೆಯಾ? ಆತುರಕ್ಕೆ ಬಿದ್ದು ಸೆಲ್ಲೋ ಟೇಪ್ ಅಂಟಿಸಬೇಡಿ. ಕೆಲವು ವರ್ಷಕ್ಕೆ ಅದರ ಅಂಟು ಕಾಗದಕ್ಕೆ ಇಳಿದು ಹಳದಿ ಕಲೆ ಆಗುತ್ತೆ, ಆಮೇಲೆ ತೆಗೆಯೋಕೆ ಬರಲ್ಲ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಪುಟದ ನಡುವೆ ಒಣಗಿದ ಹೂವು, ಎಲೆ, ಪೇಪರ್ ತುಂಡು ಇದ್ದರೆ ತೆಗೆದು ಬೇರೆ ಲಕೋಟೆಯಲ್ಲಿಡಿ. ಯಾವ ಪುಟದಲ್ಲಿತ್ತು ಅಂತ ಮೇಲೆ ಬರೆಯಿರಿ. ನ್ಯೂಸ್‌ಪೇಪರ್ ಕಾಗದದಲ್ಲಿ ಆಮ್ಲ ಜಾಸ್ತಿ, ಪಕ್ಕದ ಪುಟವನ್ನೂ ಕಂದು ಮಾಡುತ್ತೆ. ಎಲ್ಲ ಪುಟದ ಫೋಟೋ ತೆಗೆದಿಡಿ, ಫ್ಲ್ಯಾಶ್ ಇಲ್ಲದೆ, ಕಿಟಕಿ ಬೆಳಕಿನಲ್ಲಿ.

ಇನ್ನು 20:9. ಒಂದು ಊಹೆ ಇದೆ, ಅದಕ್ಕೆ ಮೊದಲು ಒಂದು ಲೆಕ್ಕ ಮಾಡಿ. 20:9 ಇರುವ ಭಾನುವಾರಗಳಲ್ಲಿ ಪ್ರಸಂಗ ಎಷ್ಟು ನಿಮಿಷ ಇದೆ ನೋಡಿ. ಇಲ್ಲದ ಭಾನುವಾರ ಎಷ್ಟು?

ಮೂರನೇ ಬೆಂಚು:
ಪೆನ್ಸಿಲ್. ಎಲ್ಲವೂ ಪೆನ್ಸಿಲ್. ಪುಟ ಗಟ್ಟಿಯಾಗಿವೆ.

ಒಂದು ನೋಟ್‌ಬುಕ್ ಪೂರ್ತಿ ನೋಡಿದೆ, ಎರಡು ಗಂಟೆ ಹಿಡಿಯಿತು. 20:9 ಇರುವುದೆಲ್ಲ 33 ನಿಮಿಷಕ್ಕಿಂತ ಜಾಸ್ತಿ. 25ರ ಒಳಗಿನ ಒಂದಕ್ಕೂ ಇಲ್ಲ. ಕೆಲವು ಕಡೆ ಅದರ ಮುಂದೆ ಏನೋ ಇದೆ. "20:9, ಕಂಬದ ಹಿಂದೆ." "20:9, ಇಬ್ಬರು." ಒಂದು ಕಡೆ "20:9, ನಾನೇ."

ಏನ್ರೀ ಇದು?

ಕಾಗದದ ಹುಳ:
ಹಾಗಾದರೆ ಅದೇ. ಅಪೊಸ್ತಲರ ಕೃತ್ಯಗಳು 20:9.

ಹಾಡುಗಾರ್ತಿ:
ಅಯ್ಯೋ ದೇವರೇ 😂😂 ಯೂತಿಖ!

ಜಪಮಣಿ:
ಅಜ್ಜಿಗೆ ನನ್ನ ಸಾಷ್ಟಾಂಗ.

ಮೂರನೇ ಬೆಂಚು:
ನಗುವುದು ನಿಲ್ಲಿಸಿ ನನಗೂ ಹೇಳಿ.

ಕಾಗದದ ಹುಳ:
ತ್ರೋವ ಎಂಬ ಊರಿನಲ್ಲಿ ಪೌಲ ಬೋಧನೆ ಮಾಡುತ್ತಿದ್ದ. ಮರುದಿನ ಹೊರಡಬೇಕಿತ್ತು, ಹಾಗಾಗಿ ಮಾತು ಮಧ್ಯರಾತ್ರಿವರೆಗೂ ಹೋಯಿತು. ಮೇಲಂತಸ್ತಿನ ಕೋಣೆ, ತುಂಬಾ ದೀಪಗಳು. ಯೂತಿಖ ಅನ್ನುವ ಹುಡುಗ ಕಿಟಕಿಯಲ್ಲಿ ಕೂತಿದ್ದ. ಪೌಲ ಮಾತಾಡುತ್ತಲೇ ಇದ್ದ, ಹುಡುಗನಿಗೆ ಗಾಢ ನಿದ್ದೆ ಬಂತು, ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಎತ್ತಿದರೆ ಸತ್ತಿದ್ದಾನೆ. ಪೌಲ ಇಳಿದು ಬಂದು ಅವನನ್ನು ಅಪ್ಪಿಕೊಂಡು, ಗಾಬರಿ ಬೇಡ, ಜೀವ ಇದೆ ಅಂದ. ಹುಡುಗ ಬದುಕಿದ. ಒಂಬತ್ತನೇ ವಚನ ಅಂದರೆ ಅವನು ತೂಕಡಿಸಿ ಬೀಳುವ ವಚನ.

ನಿಮ್ಮ ಅಜ್ಜಿ ಪ್ರಸಂಗದ ನಡುವೆ ನಿದ್ದೆ ಮಾಡಿದವರ ಲೆಕ್ಕ ಇಟ್ಟಿದ್ದಾರೆ. ತಮ್ಮದನ್ನೂ ಸೇರಿಸಿ.

ಇದರಲ್ಲಿ ನನಗೆ ಅತಿ ಇಷ್ಟವಾದದ್ದು ಹನ್ನೊಂದನೇ ವಚನ. ಹುಡುಗ ಬಿದ್ದು ಎದ್ದ ಮೇಲೆ ಪೌಲ ಮೇಲೆ ಹೋಗಿ, ರೊಟ್ಟಿ ಮುರಿದು ತಿಂದು, ಬೆಳಗಾಗುವವರೆಗೂ ಮಾತಾಡಿದ!

ದಾರಿಹೋಕ:
ಆಯಿತು, ಒಪ್ಪಿದೆ. ಇದನ್ನು ಬರೆಯೋಕೆ ಬೈಬಲ್ ಚೆನ್ನಾಗಿ ಗೊತ್ತಿರಬೇಕು. ಇದು ಟೀಕೆ ಅಲ್ಲ, ಸಲಿಗೆ. ಆದರೆ "ಕಂಬದ ಹಿಂದೆ" ಯಾರು ಅಂತ ಮಾತ್ರ ಅಲ್ಲಿ ಬಾಯಿ ಬಿಡಬೇಡಿ.

ಮೂರನೇ ಬೆಂಚು:
ಇಲ್ಲ, ಬಿಡಲ್ಲ. (ಯಾರು ಅಂತ ಅಮ್ಮನಿಗೆ ಗೊತ್ತು. ಇನ್ನೂ ಇದ್ದಾರೆ. ಇನ್ನೂ ಅಲ್ಲೇ ಕೂರುತ್ತಾರೆ.)

ನಿವೃತ್ತ ಮೇಷ್ಟ್ರು:
ನನ್ನ ಜ್ಞಾನೋಕ್ತಿಯನ್ನು ವಾಪಸ್ ತಗೊಂಡೆ.

ಒಂದು ವಿಷಯ ಹೇಳಬೇಕು ಅನ್ನಿಸಿತು. ಹೊಸ ಒಡಂಬಡಿಕೆಯಲ್ಲಿ "ಅಜ್ಜಿ" ಅನ್ನುವ ಪದ ಬರುವುದು ಒಂದೇ ಒಂದು ಕಡೆ. ತಿಮೊಥೆಯನಿಗೆ ಬರೆದ ಎರಡನೇ ಪತ್ರ, 1:5. ಅಜ್ಜಿ ಲೋವಿಯಲ್ಲೂ ತಾಯಿ ಯೂನೀಕೆಯಲ್ಲೂ ಇದ್ದ ನಂಬಿಕೆ ನಿನ್ನಲ್ಲೂ ಇದೆ ಅನ್ನುತ್ತಾನೆ ಪೌಲ. ಆ ಲೋವಿ ಏನು ಮಾಡಿದಳು, ಏನು ಹೇಳಿದಳು, ಒಂದಕ್ಷರ ಇಲ್ಲ.

ಲೂಕ ಎರಡನೇ ಅಧ್ಯಾಯದ ಅನ್ನಳದ್ದೂ ಅದೇ ಕಥೆ. ಮದುವೆಯಾಗಿ ಏಳು ವರ್ಷಕ್ಕೆ ಗಂಡ ಹೋದ. 84ರ ಲೆಕ್ಕ ಬರುತ್ತದೆ, ದೇವಾಲಯ ಬಿಟ್ಟು ಹೋಗುತ್ತಲೇ ಇರಲಿಲ್ಲ. ಮಗು ಯೇಸುವನ್ನು ನೋಡಿ ಕಾದಿದ್ದವರಿಗೆಲ್ಲ ಹೇಳಿದಳು ಅಂತಿದೆ. ಅದೇ ಹೊತ್ತಿಗೆ ಅಲ್ಲಿದ್ದ ಸಿಮೆಯೋನನ ಮಾತು ನಾಲ್ಕು ವಚನ ಪೂರ್ತಿ ಬರೆದಿದ್ದಾರೆ, ಇವತ್ತಿಗೂ ಚರ್ಚುಗಳಲ್ಲಿ ರಾತ್ರಿ ಪ್ರಾರ್ಥನೆಗೆ ಹಾಡುತ್ತಾರೆ. ಅನ್ನಳು ಹೇಳಿದ್ದೇನು? ಒಂದು ವಾಕ್ಯವೂ ಇಲ್ಲ. ನಲವತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಈ ಪಾಠ ಮಾಡಿದ್ದೇನೆ, ನಿಮ್ಮ ನೋಟ್‌ಬುಕ್ ವಿಷಯ ಓದುವವರೆಗೂ ನನಗೆ ಇದು ಹೊಳೆದಿರಲಿಲ್ಲ. ಓದಬಾರದು ಅನ್ನುವವರಿಗೆ ನನ್ನ ಉತ್ತರ ಅದು. ನಿಮ್ಮ ಅಜ್ಜಿಯದ್ದು ಅವರೇ ಬರೆದಿಟ್ಟಿದ್ದಾರಲ್ಲಪ್ಪ. ಓದಿ.

ಜಪಮಣಿ:
ಮೇಷ್ಟ್ರೇ, ನಮ್ಮಲ್ಲಿ ಯೇಸುವಿನ ಅಜ್ಜ ಅಜ್ಜಿಗೆ ಹಬ್ಬವೇ ಇದೆ. ಜುಲೈ 26, ಜೋಕಿಮ್ ಮತ್ತು ಅನ್ನಮ್ಮ. ಬೈಬಲ್‌ನಲ್ಲಿ ಅವರ ಹೆಸರಿಲ್ಲ, ಯಾಕೋಬನ ಹೆಸರಿನಲ್ಲಿರುವ ಹೊರಗಿನ ಹಳೆಯ ಗ್ರಂಥವೊಂದರಿಂದ ಬಂದದ್ದು. ಪೋಪ್ ಫ್ರಾನ್ಸಿಸ್ 2021ರಲ್ಲಿ ಆ ಹಬ್ಬದ ಆಸುಪಾಸಿನ ಭಾನುವಾರವನ್ನು, ಅಂದರೆ ಜುಲೈನ ನಾಲ್ಕನೇ ಭಾನುವಾರವನ್ನು, ಅಜ್ಜ ಅಜ್ಜಿಯರ ದಿನ ಅಂತ ಮಾಡಿದರು.

ನನ್ನ ಅಜ್ಜಿ ಒಂದು ಸಾಲೂ ಬರೆದವರಲ್ಲ. ಅವರ ಜಪಸರ ಮಾತ್ರ ಇದೆ. 59 ಮಣಿ ಇರಬೇಕು, 53 ನಮೋ ಮರಿಯಾಗೆ, 6 ಪರಲೋಕ ಮಂತ್ರಕ್ಕೆ. ಅವರದ್ದರಲ್ಲಿ 58. ಒಂದು ಮಣಿ ಯಾವಾಗಲೋ ಬಿದ್ದುಹೋಗಿದೆ, ಅಲ್ಲಿ ಒಂದು ಗಂಟು ಹಾಕಿದ್ದಾರೆ. ಗಂಟಿಗೂ ಒಂದು ನಮೋ ಮರಿಯಾ ಹೇಳುತ್ತಿದ್ದರು.

ಸುಮ್ನೆ ಓದುಗ:
ನಮ್ಮ ಅಜ್ಜಿಯ ಬೈಬಲ್ಲನ್ನು ಅವರ ಪೆಟ್ಟಿಗೆಯಲ್ಲೇ ಇಟ್ಟು ಮಣ್ಣು ಮಾಡಿದೆವು. ಆವಾಗ ಅದೇ ಸರಿ ಅನ್ನಿಸಿತು. ಅಂಚಿನಲ್ಲೆಲ್ಲ ಏನೇನೋ ಬರೆದಿದ್ದರು. ಒಂದು ಪುಟವೂ ಓದಿ ನೋಡಲಿಲ್ಲ. ಅಷ್ಟೇ.

ಮೂರನೇ ಬೆಂಚು:
ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಉಳಿದ ಆರನ್ನೂ ನೋಡುತ್ತಾ ಕೂತೆ.

ಮೂರನೇ ನೋಟ್‌ಬುಕ್‌ನಲ್ಲಿ ನಾನಿದ್ದೀನಿ. ಲೆಕ್ಕ ಹಾಕಿದರೆ ಆಗ ನನಗೆ ಆರು ಏಳು ವರ್ಷ. ಸಾಲು ಹೀಗಿದೆ: "ರೋಮಾ 8. 38 ನಿಮಿಷ. 20:9, ಹುಡುಗ. ತೊಡೆ ಮೇಲೆ. ಕೊನೆ ಹಾಡಿಗೆ ಏಳಲಿಲ್ಲ."

ಮೊದಲು ಹುಡುಗ ಏಳಲಿಲ್ಲ ಅಂತ ಓದಿಕೊಂಡೆ. ಬೆಳಿಗ್ಗೆ ಅಮ್ಮನಿಗೆ ತೋರಿಸಿದೆ. ಅಮ್ಮ ಹೇಳಿದಳು, ಕೊನೆ ಹಾಡಿಗೆ ಎಲ್ಲರೂ ಎದ್ದು ನಿಲ್ಲುತ್ತಾರೆ, ಏಳದಿದ್ದವಳು ಅಜ್ಜಿ. ನಾನು ತೊಡೆ ಮೇಲೆ ಮಲಗಿದ್ದೆನಲ್ಲ. ನಾಲ್ಕು ಜನ ತಿರುಗಿ ನೋಡಿದರೂ ಕೂತೇ ಇದ್ದಳಂತೆ. ಅಮ್ಮನಿಗೆ ನಾಚಿಕೆಯಾಗಿ ಮನೆಗೆ ಬಂದು ಜಗಳ ಆಡಿದ್ದಳಂತೆ.

ಕೊನೆಯ ನೋಟ್‌ಬುಕ್‌ನಲ್ಲಿ ಅಕ್ಷರ ಅಲ್ಲಾಡಿವೆ. "ಮನೆಯಲ್ಲೇ. ಫೋನಿನಲ್ಲಿ. 26. ಶಬ್ದ ಸರಿ ಇಲ್ಲ." ಆಮೇಲೆ ಬರೀ ತಾರೀಕು. ಆಮೇಲೆ ಇಲ್ಲ.

ಏನು ಮಾತಾಡಬೇಕು ಅಂತ ಈಗ ಗೊತ್ತಾಯಿತು.

ಹಾಡುಗಾರ್ತಿ:
ಜೋರಾಗಿ ಓದಿ ಅಭ್ಯಾಸ ಮಾಡಿ. ಗಡಿಯಾರ ಇಟ್ಟುಕೊಂಡು. ಮನಸ್ಸಿನಲ್ಲಿ ಓದಿದ್ದಕ್ಕಿಂತ ಬಾಯಲ್ಲಿ ಓದಿದ್ದು ಯಾವಾಗಲೂ ಜಾಸ್ತಿ ಹೊತ್ತು ಹಿಡಿಯುತ್ತೆ. ಆ ಹುಡುಗನ ಸಾಲು ಬಂದಾಗ ಗಂಟಲು ಕಟ್ಟಿದರೆ ನಿಲ್ಲಿಸಿ, ನೀರು ಕುಡಿಯಿರಿ. ಯಾರೂ ಎಲ್ಲೂ ಓಡಿಹೋಗಲ್ಲ. ಇನ್ನೊಬ್ಬರ ಕೈಯಲ್ಲಿ ಒಂದು ಪ್ರತಿ ಕೊಟ್ಟಿರಿ, ಆಗದಿದ್ದರೆ ಅವರು ಓದಲಿ.

ಮೂರನೇ ಬೆಂಚು:
ಭಾನುವಾರ ಆಯಿತು.

ಪಾಸ್ಟರ್‌ಗೆ ಶನಿವಾರವೇ ನೋಟ್‌ಬುಕ್ ತೋರಿಸಿ ಕೇಳಿದ್ದೆ. ದಾರಿಹೋಕರ ಮಾತು ತಲೆಯಲ್ಲಿತ್ತು. ಅವರು ಬಂದ ಮೇಲಿನ ಪುಟಗಳನ್ನೆಲ್ಲ ನಿಂತುಕೊಂಡೇ ಓದಿದರು. "41 ನನ್ನದಲ್ಲ, ನನಗಿಂತ ಮುಂಚಿನವರದ್ದು" ಅಂದರು. ಆಮೇಲೆ "ಓದಿ" ಅಂದರು. ಅವತ್ತಿನ ಅವರ ಪ್ರಸಂಗ ಹದಿನಾರು ನಿಮಿಷ. ಅಮ್ಮ ನೋಡಿಕೊಂಡಿದ್ದಳು.

ಬೆಂಚಿನಿಂದ ಶುರು ಮಾಡಿದೆ. 117ನೇ ಕೀರ್ತನೆಗೆ ಜನ ನಕ್ಕರು. 20:9ಕ್ಕೆ ಮೊದಲು ನಕ್ಕದ್ದು ಕಂಬದ ಹಿಂದಿನಿಂದ. ಅನ್ನಳ ವಿಷಯ ಹೇಳಿದೆ ಮೇಷ್ಟ್ರೇ, ನಿಮ್ಮದೇ ಮಾತು. ಹೋಗುವ ಜಾಗದ ಬಗ್ಗೆ ಅಜ್ಜಿಗೆ ಅನುಮಾನ ಇರಲಿಲ್ಲ, ನನ್ನ ಬಗ್ಗೆ ಇದ್ದಿರಬಹುದು, ಆದರೂ ನನ್ನನ್ನು ಎಬ್ಬಿಸಲಿಲ್ಲ ಅಂದೆ. ಅಷ್ಟರಲ್ಲಿ ಗಂಟಲು ಕಟ್ಟಿತು. ಉಳಿದದ್ದು ಅಮ್ಮ ಓದಿದಳು.

ಹೊರಗೆ ಬರುವಾಗ ಅಜ್ಜಿಯ ಗೆಳತಿಯೊಬ್ಬರು ಕೈ ಹಿಡಿದುಕೊಂಡರು. 90 ದಾಟಿದ್ದಾರೆ. ಸಮಾಧಾನದ ಮಾತು ಬರುತ್ತೆ ಅಂತ ಬಗ್ಗಿ ನಿಂತೆ. "ಏಳು ನಿಮಿಷ" ಅಂದರು. "ಐದು ಅಂದಿದ್ದರಲ್ಲೋ."

ಜಪಮಣಿ:
😂 ಇನ್ನೊಂದು ನೋಟ್‌ಬುಕ್ ಇದೆ ಅಂತಾಯಿತು.

ನಿವೃತ್ತ ಮೇಷ್ಟ್ರು:
ಒಳ್ಳೆಯದಾಯಿತಪ್ಪ. ಆ ಭಾನುವಾರವನ್ನು ಕೊನೆಯ ನೋಟ್‌ಬುಕ್‌ನಲ್ಲಿ ಬರೆದಿಟ್ಟೆಯಾ?

ಮೂರನೇ ಬೆಂಚು:
ಇಲ್ಲ ಮೇಷ್ಟ್ರೇ. ಪೆನ್ಸಿಲ್ ತಗೊಂಡೆ, ಆಮೇಲೆ ಇಟ್ಟುಬಿಟ್ಟೆ. ಅದು ಅವಳ ನೋಟ್‌ಬುಕ್.

ಕಾಗದದ ಹುಳ ಅವರೇ, ಒಂದು ಕೇಳಬೇಕಿತ್ತು. ಎರಡನೆಯದರಲ್ಲಿ ನಡುವಿನ ಪಿನ್ನು ತುಕ್ಕು ಹಿಡಿದು ಸುತ್ತಲಿನ ಕಾಗದ ಕಂದಾಗಿದೆ. ಎಳೆದು ತೆಗೆಯಲಾ?

ಕಾಗದದ ಹುಳ:
ಎಳೆಯಬೇಡಿ, ಕಾಗದ ಹರಿಯುತ್ತೆ. ನೋಟ್‌ಬುಕ್ ನಡುಪುಟಕ್ಕೆ ಬಿಚ್ಚಿ ಮಲಗಿಸಿ. ಪಿನ್ನಿನ ಮಡಚಿದ ಎರಡು ಕಾಲನ್ನು ತೆಳು ಚಾಕುವಿನ ಮೊಂಡು ಬದಿಯಿಂದ ನಿಧಾನಕ್ಕೆ ಮೇಲೆತ್ತಿ. ಕೆಳಗೊಂದು ಪ್ಲಾಸ್ಟಿಕ್ ಹಾಳೆ ತೂರಿಸಿ, ಕಾಗದಕ್ಕೆ ಗೀರಾಗಲ್ಲ. ಕಾಲು ನೇರವಾದ ಮೇಲೆ ಹಿಂದಿನಿಂದ ಹೊರಗೆ ತೆಗೆಯಿರಿ. ಅದೇ ತೂತುಗಳಲ್ಲಿ ಬಿಳಿ ಹತ್ತಿ ದಾರ ಹಾಕಿ ಸಡಿಲವಾಗಿ ಕಟ್ಟಿದರೆ ಸಾಕು. ಮೊದಲು ಆ ಪುಟದ ಫೋಟೋ ತೆಗೆಯೋದು ಮರೀಬೇಡಿ.